ಮಡಿಸಿದ ಕಾಗದ ಯಾರ ಕೈಗೆ?

ದಿನಕ್ಕೆ ಹತ್ತು ನಿಮಿಷ ಕಾಗದ ಮಡಿಸಿ. ಮನಸ್ಸು ತಿಳಿಯಾಗುತ್ತದೆ, ಬದುಕಿನಲ್ಲಿ ನಿಮಗೆ ಯಾವುದು ಮುಖ್ಯ ಎನ್ನುವುದೂ ಹೊಳೆಯುತ್ತದೆ. ಒರಿಗಾಮಿಯನ್ನು ಮೈಂಡ್‌ಫುಲ್‌ನೆಸ್ ಅಭ್ಯಾಸವಾಗಿ ಹೇಳಿಕೊಡುವವರ ಮಾತಿನ ಸಾರ ಇಷ್ಟು. ಕೇಳಲು ಒಂದೇ ಮಾತಿನಂತಿದ್ದರೂ ಇಲ್ಲಿ ಎರಡು ಭರವಸೆಗಳಿವೆ. ಕೈಕೆಲಸದಿಂದ ಗಮನ ಒಂದೆಡೆ ನಿಲ್ಲುತ್ತದೆ ಎನ್ನುವುದು ಮೊದಲನೆಯದು. ಹಾಗೆ ನಿಂತ ಗಮನಕ್ಕೆ ತನ್ನ ಮೌಲ್ಯಗಳು ಕಾಣಿಸುತ್ತವೆ ಎನ್ನುವುದು ಎರಡನೆಯದು. ಮೊದಲನೆಯದನ್ನು ಒಪ್ಪಲು ನನಗೆ ಹೆಚ್ಚು ತಕರಾರಿಲ್ಲ. ಎರಡನೆಯದರ ಬಗ್ಗೆ ಇದೆ. ಆ ತಕರಾರಿಗೆ ಬೇಕಾದ ಸಾಕ್ಷ್ಯ ಮನಶ್ಶಾಸ್ತ್ರದ ಪುಸ್ತಕಗಳಿಗಿಂತ ಹೆಚ್ಚಾಗಿ ಒರಿಗಾಮಿಯ ಚರಿತ್ರೆಯಲ್ಲೇ ಸಿಗುತ್ತದೆ.

ಜಪಾನಿನಲ್ಲಿ ಕಾಗದದ ಮಡಿಕೆ ಬೆಳೆದದ್ದು ಒಬ್ಬರೇ ಕೂತು ತಮ್ಮೊಳಗನ್ನು ನೋಡಿಕೊಳ್ಳುವುದಕ್ಕಲ್ಲ. ಕಾಗದ ಅಲ್ಲಿ ಬಹುಕಾಲ ದುಬಾರಿ ವಸ್ತುವಾಗಿತ್ತು, ಅದನ್ನು ಮಡಿಸುವುದು ಶಿಷ್ಟಾಚಾರದ ಭಾಗವಾಗಿತ್ತು. ಸಮುರಾಯ್ ಮನೆತನಗಳಲ್ಲಿ ಯಾವ ಉಡುಗೊರೆಯನ್ನು ಯಾವ ಮಡಿಕೆಯಲ್ಲಿ ಸುತ್ತಿ ಕೊಡಬೇಕು ಎಂಬುದಕ್ಕೆ ಕಟ್ಟುಪಾಡುಗಳಿದ್ದವು. ಇಸೆ ಸದಾತಾಕೆ ಎಂಬ ವಿದ್ವಾಂಸ 1764ರಲ್ಲಿ ಬರೆದ ‘ತ್ಸುತ್ಸುಮಿ ನೊ ಕಿ’ ಇಂಥ ಸುತ್ತುವಿಕೆಗಳನ್ನೇ ವಿವರಿಸುವ ಗ್ರಂಥ. ಉಡುಗೊರೆಗೆ ಅಂಟಿಸುವ ‘ನೊಶಿ’ ಎಂಬ ಚಿಕ್ಕ ಮಡಿಕೆಯೊಳಗೆ ಅಬಲೋನಿ ಎಂಬ ಕಡಲಜೀವಿಯ ಒಣಮಾಂಸದ ಪಟ್ಟಿ ಇರುತ್ತಿತ್ತು; ಈಗ ಲಕೋಟೆಯ ಮೇಲೆ ಅದರ ಚಿತ್ರವನ್ನು ಅಚ್ಚು ಹಾಕಿದರೂ ನಡೆಯುತ್ತದೆ. ಮದುವೆಯಲ್ಲಿ ಸಾಕೆ ಎಂಬ ಮದ್ಯದ ಹೂಜಿಗಳಿಗೆ ಗಂಡು ಚಿಟ್ಟೆ, ಹೆಣ್ಣು ಚಿಟ್ಟೆ ಎಂದು ಎರಡು ಮಡಿಕೆಗಳನ್ನು ಕಟ್ಟುತ್ತಿದ್ದರು. ಇಲ್ಲೆಲ್ಲ ಮಡಿಕೆಯ ಇನ್ನೊಂದು ತುದಿಯಲ್ಲಿ ಒಬ್ಬ ಅತಿಥಿಯೋ ಮದುಮಗಳೋ ಹಿರಿಯರೋ ಇದ್ದೇ ಇರುತ್ತಿದ್ದರು.

ವಿನೋದಕ್ಕಾಗಿ ಮಡಿಸುವುದೂ ಹಳೆಯದೇ. ಕ್ಯೋಟೊದಲ್ಲಿ 1797ರಲ್ಲಿ ಅಚ್ಚಾದ ‘ಹಿದೆನ್ ಸೆನ್‌ಬಝುರು ಒರಿಕಾತಾ’ ಈ ಬಗೆಯ ಪುಸ್ತಕಗಳಲ್ಲಿ ನಮಗೆ ತಿಳಿದಿರುವ ಅತಿ ಹಳೆಯದು. ಅದರಲ್ಲಿನ ಮಾದರಿಗಳು ಕುವಾನಾ ಪಟ್ಟಣದ ಗಿದೊ ಎಂಬ ಬೌದ್ಧ ಅರ್ಚಕನವು ಎನ್ನುತ್ತಾರೆ. ಒಂದೇ ಹಾಳೆಯಿಂದ ರೆಕ್ಕೆಗೆ ರೆಕ್ಕೆ, ಕೊಕ್ಕಿಗೆ ಕೊಕ್ಕು ಅಂಟಿಕೊಂಡ ಕೊಕ್ಕರೆಗಳ ಸಾಲುಗಳನ್ನು ಮಾಡುವ 49 ವಿಧಾನಗಳು ಅಲ್ಲಿವೆ. ಹಾಗೆ ಮಾಡಬೇಕಾದರೆ ಹಾಳೆಯನ್ನು ಮೊದಲು ಕತ್ತರಿಸಲೇಬೇಕು. ‘ಒಂದೇ ಚೌಕ, ಕತ್ತರಿ ಕೂಡದು, ಅಂಟು ಕೂಡದು’ ಎಂದು ಇಂದಿನ ಒರಿಗಾಮಿ ಗುರುಗಳು ಹೇಳುವ ನಿಯಮ ಬಲಗೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. ಈ ಪುಸ್ತಕ ಬಂದ ಎಡೋ ಕಾಲದವರಿಗೆ ಕತ್ತರಿ ಮೈಲಿಗೆಯಾಗಿರಲಿಲ್ಲ. ಈ ಶುದ್ಧಿಯ ನಿಯಮವೇ ಒಂದು ಆಯ್ಕೆ, ಯಾರೋ ಎತ್ತಿಹಿಡಿದ ಮೌಲ್ಯ ಎನ್ನುವುದನ್ನು ಮೌಲ್ಯಗಳ ಹುಡುಕಾಟಕ್ಕೆ ಹೊರಟವರು ಮೊದಲ ಪಾಠವಾಗಿ ಓದಬಹುದು.

ಇನ್ನೊಂದು ಕವಲು ಶಾಲೆಯ ಕಡೆಗೆ ಹರಿಯಿತು. ಕಿಂಡರ್‌ಗಾರ್ಟನ್ ಪದ್ಧತಿಯ ಜನಕ ಜರ್ಮನಿಯ ಫ್ರೀಡ್ರಿಚ್ ಫ್ರೋಬೆಲ್ ಮಕ್ಕಳ ಚಟುವಟಿಕೆಗಳಲ್ಲಿ ಕಾಗದದ ಮಡಿಕೆಯನ್ನೂ ಸೇರಿಸಿದ್ದ. ಅದು ಮೇಜಿ ಕಾಲದ ಜಪಾನಿಗೂ ಹೋಯಿತು, ನಮ್ಮ ಮದ್ರಾಸಿಗೂ ಬಂತು. ಮದ್ರಾಸಿನ ಟಿ. ಸುಂದರ ರಾವ್ ಈ ಚಟುವಟಿಕೆಯಿಂದಲೇ ಹೊಳೆದ ವಿಚಾರ ಹಿಡಿದು 1893ರಲ್ಲಿ ಕಾಗದದ ಮಡಿಕೆಯಿಂದ ರೇಖಾಗಣಿತ ಕಲಿಸುವ ಪುಸ್ತಕವೊಂದನ್ನು ಇಂಗ್ಲಿಷಿನಲ್ಲಿ ಬರೆದರು. ಜರ್ಮನ್ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ಗುರುತಿಸಿದ. 1901ರಲ್ಲಿ ಷಿಕಾಗೋದಿಂದ ಅದರ ಅಮೆರಿಕನ್ ಆವೃತ್ತಿ ಬಂತು. ದಕ್ಷಿಣ ಭಾರತದವರೊಬ್ಬರ ಈ ಪುಸ್ತಕ ಜಗತ್ತಿನ ಮಡಿಕೆ-ಗಣಿತದವರಿಗೆ ಇಂದಿಗೂ ಗೊತ್ತು. ನಮ್ಮ ಬಿ.ಎಡ್. ತರಗತಿಗಳಲ್ಲಿ ಅದರ ಹೆಸರು ಕೇಳಿಬಂದರೆ ಆಶ್ಚರ್ಯ.

ಒರಿಗಾಮಿಯನ್ನು ದಿನದ ಸಾಧನೆಯಾಗಿ ಬದುಕಿದ ಒಬ್ಬರನ್ನು ಹೆಸರಿಸಿ ಎಂದರೆ ಅಕಿರಾ ಯೋಶಿಝಾವಾ ಅವರನ್ನೇ ಹೇಳಬೇಕು. 1911ರಲ್ಲಿ ತೊಚಿಗಿ ಪ್ರಾಂತದ ರೈತ ಕುಟುಂಬದಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಟೋಕಿಯೊದ ಎರಕದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದವರು. ಅಲ್ಲಿ ಕಿರಿಯ ಕೆಲಸಗಾರರಿಗೆ ರೇಖಾಗಣಿತ ಹೇಳಿಕೊಡಲು ಅವರು ಬಳಸಿದ್ದು ಮಡಿಸಿದ ಕಾಗದವನ್ನು. 1937ರಲ್ಲಿ ಕೆಲಸ ಬಿಟ್ಟು ಪೂರ್ತಿ ಒರಿಗಾಮಿಗೆ ಇಳಿದ ಮೇಲೆ ಹೊಟ್ಟೆಪಾಡಿಗೆ ಮನೆಮನೆಗೆ ಹೋಗಿ ತ್ಸುಕುದಾನಿ ಎಂಬ ಉಪ್ಪು-ಸಿಹಿ ವ್ಯಂಜನ ಮಾರಿದರು. ಬೌದ್ಧ ಅರ್ಚಕನಾಗಲೆಂದು ಎರಡು ವರ್ಷ ಓದಿಯೂ ಇದ್ದರು, ಆದರೆ ಮಠ ಸೇರಲಿಲ್ಲ. 1952ರಲ್ಲಿ ‘ಅಸಾಹಿ ಗ್ರಾಫ್’ ಪತ್ರಿಕೆಗಾಗಿ ಹನ್ನೆರಡು ರಾಶಿಪ್ರಾಣಿಗಳನ್ನು ಮಡಿಸಿಕೊಟ್ಟಾಗಲೇ ದೇಶ ಅವರತ್ತ ನೋಡಿದ್ದು. 1954ರ ಪುಸ್ತಕದಲ್ಲಿ ಅವರು ಬಳಸಿದ ಗುರುತುಗಳು, ಅಂದರೆ ಒಳಮಡಿಕೆಗೆ ತುಂಡುಗೆರೆ, ಹೊರಮಡಿಕೆಗೆ ಗೆರೆ-ಚುಕ್ಕೆ, ಜೊತೆಗೆ ಬಾಣಗಳು, ಸ್ವಲ್ಪ ತಿದ್ದುಪಡಿಯೊಂದಿಗೆ ಇಂದು ಎಲ್ಲ ಭಾಷೆಗಳ ಒರಿಗಾಮಿ ಪುಸ್ತಕಗಳಲ್ಲೂ ಇವೆ. ಕಾಗದವನ್ನು ತುಸು ತೇವ ಮಾಡಿ ಶಿಲ್ಪದಂತೆ ಉಬ್ಬುತಗ್ಗು ತರುವ ವಿಧಾನವೂ ಅವರದೇ. ಮೇಜಿನ ಮೇಲಿಟ್ಟು ಒತ್ತದೆ, ಗಾಳಿಯಲ್ಲಿ ಹಿಡಿದೇ ಮಡಿಸುತ್ತಿದ್ದರು. ತಮ್ಮ ಕೈಯಿಂದ ಆದ ಮಾದರಿಗಳ ಸಂಖ್ಯೆ ಐವತ್ತು ಸಾವಿರ ದಾಟಿದೆ ಎಂದು ಇಳಿವಯಸ್ಸಿನಲ್ಲಿ ಅಂದಾಜು ಮಾಡಿದ್ದರು. 2005ರಲ್ಲಿ, ತಮ್ಮ ಹುಟ್ಟುಹಬ್ಬದ ದಿನವೇ ತೀರಿಕೊಂಡರು.

ಯೋಶಿಝಾವಾ ಮೂಲಕೃತಿಗಳನ್ನು ಎಂದೂ ಮಾರಲಿಲ್ಲ. ಜನರಿಗೆ ಉಡುಗೊರೆಯಾಗಿ ಕೊಟ್ಟರು, ಪ್ರದರ್ಶನಗಳಿಗೆ ಎರವಲು ಕೊಟ್ಟರು. ಬಾಗಿಲು ಬಾಗಿಲಿಗೆ ಅಲೆದು ವ್ಯಂಜನ ಮಾರಿದ ಮನುಷ್ಯ ಇದನ್ನು ಮಾತ್ರ ಮಾರಲಿಲ್ಲ. ಅವರ ಬದುಕಿನಲ್ಲಿ ಯಾವುದಕ್ಕೆ ಬೆಲೆಯಿತ್ತು ಎಂದು ತಿಳಿಯಲು ಅವರ ಏಕಾಗ್ರತೆಯ ಬಗ್ಗೆ ನೂರು ಪುಟ ಓದಬೇಕಿಲ್ಲ. ಇದೊಂದು ಸಂಗತಿ ಸಾಕು.

ಈಗ ಮೈಂಡ್‌ಫುಲ್‌ನೆಸ್ ಕಡೆಯಿಂದ ಬರೋಣ. ಬೌದ್ಧರ ‘ಸತಿ’, ಅಂದರೆ ಅವಧಾನ, ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು 1979ರಲ್ಲಿ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್-ಝಿನ್ ದೀರ್ಘಕಾಲದ ನೋವಿನಿಂದ ಬಳಲುವವರಿಗೆ ತರಬೇತಿ ಶುರುಮಾಡಿದರು. ಒಂದು ಒಣದ್ರಾಕ್ಷಿಯನ್ನು ನೋಡಿ, ಮುಟ್ಟಿ, ಮೂಸಿ, ನಿಧಾನಕ್ಕೆ ಅಗಿಯುವುದು ಅದರ ಹೆಸರುವಾಸಿ ಮೊದಲ ಪಾಠ. ವಿಯೆಟ್ನಾಮಿನ ಭಿಕ್ಷು ತಿಕ್ ನಾತ್ ಹಾನ್ ಪಾತ್ರೆ ತೊಳೆಯುವುದನ್ನೇ ಧ್ಯಾನವಾಗಿ ಹೇಳಿಕೊಟ್ಟರು. ದ್ರಾಕ್ಷಿಯೂ ಪಾತ್ರೆಯೂ ಆಗುವುದಾದರೆ ಕಾಗದ ಯಾಕಾಗಬಾರದು? ಆಗುತ್ತದೆ, ಕೆಲವು ವಿಷಯದಲ್ಲಿ ಇನ್ನೂ ಚೆನ್ನಾಗಿಯೇ ಆಗುತ್ತದೆ. ಕಾಗದಕ್ಕೆ ಎರಡೂ ಕೈ ಬೇಕು, ಹಾಗಾಗಿ ಮೊಬೈಲ್ ತಾನಾಗಿ ಕೆಳಗಿಳಿಯುತ್ತದೆ. ಮಾಡಿದ ತಪ್ಪು ಆಗಲೇ ಕಣ್ಣಿಗೆ ಬೀಳುತ್ತದೆ. ಕೆಲಸಕ್ಕೊಂದು ಮೊದಲು, ಒಂದು ಕೊನೆ ಇದೆ. ಕಣ್ಣು ಮುಚ್ಚಿ ಕೂತು ‘ಇನ್ನೆಷ್ಟು ಹೊತ್ತು’ ಎಂದು ಚಡಪಡಿಸುವವರಿಗೆ ಇದು ಸಣ್ಣ ಅನುಕೂಲವಲ್ಲ.

ಕೊಕ್ಕರೆಯನ್ನೇ ತೆಗೆದುಕೊಳ್ಳಿ. ಹದಿನೈದು ಸೆಂಟಿಮೀಟರಿನ ಚೌಕ ಹಾಳೆ. ಮೂಲೆಯಿಂದ ಮೂಲೆಗೆ ಎರಡು ಮಡಿಕೆ, ಬದಿಯಿಂದ ಬದಿಗೆ ಎರಡು. ಅವುಗಳ ಮೇಲೆಯೇ ಹಾಳೆ ಕುಸಿದು ಕಾಲುಭಾಗದ ಚಿಕ್ಕ ಚೌಕವಾಗುತ್ತದೆ. ಆಮೇಲೆ ಗಾಳಿಪಟದ ಆಕಾರ, ಅದನ್ನು ಬಿಚ್ಚಿ ಒಂದು ಪದರವನ್ನು ಮೇಲಕ್ಕೆತ್ತಿದರೆ ಎಸಳಿನಂತೆ ಉದ್ದಕ್ಕೆ ತೆರೆದುಕೊಳ್ಳುವ ಮಡಿಕೆ. ಹೊಸಬರು ಸಿಕ್ಕಿಬೀಳುವುದು ಇಲ್ಲೇ. ಮೊದಲ ಮಡಿಕೆಯಲ್ಲಿ ಮೂಲೆ ಅರ್ಧ ಮಿಲಿಮೀಟರ್ ಜಾರಿದ್ದರೆ ಅದು ಇಲ್ಲಿ ದೊಡ್ಡದಾಗಿ ಬಂದು ನಿಲ್ಲುತ್ತದೆ. ಕೊಕ್ಕರೆಯ ಕತ್ತು ಸೊಟ್ಟಗಾಗುತ್ತದೆ. ಬಿಚ್ಚಿ ಮತ್ತೆ ಮಡಿಸಬಹುದು, ಆದರೆ ಹಳೆಯ ಗೆರೆ ಹಾಳೆಯಿಂದ ಹೋಗುವುದಿಲ್ಲ. ನಡುವಿನ ಈ ಎರಡು ಮೂರು ನಿಮಿಷಗಳಲ್ಲಿ ಗಮನ ಬೇರೆಡೆ ಹೋಗುವುದು ಕಷ್ಟ, ಇದನ್ನು ಮಾಡಿದ ಯಾರಾದರೂ ಹೇಳುತ್ತಾರೆ.

ತೊಡಕು ಬರುವುದು ಕಲಿತ ಮೇಲೆ. ಹತ್ತಿಪ್ಪತ್ತು ಕೊಕ್ಕರೆ ಮಡಿಸಿದವರ ಬೆರಳಿಗೆ ದಾರಿ ಗೊತ್ತಾಗಿರುತ್ತದೆ. ಟೀವಿ ನೋಡುತ್ತ, ನೆರೆಯವರೊಡನೆ ಮಾತಾಡುತ್ತ ಮಡಿಸಬಲ್ಲರು. ಆಗ ಅದು ಅವಧಾನವೇ? ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞೆ ಎಲೆನ್ ಲ್ಯಾಂಗರ್ ಧ್ಯಾನದ ಹಾದಿ ಬಿಟ್ಟು ಬೇರೆಯದೇ ಅರ್ಥದಲ್ಲಿ ಮೈಂಡ್‌ಫುಲ್‌ನೆಸ್ ಬಗ್ಗೆ ಬರೆದವರು. ಅವರ ಪ್ರಕಾರ ಅದು ಎದುರಿಗಿರುವುದರಲ್ಲಿ ಹೊಸದನ್ನು ಗಮನಿಸುವುದು. ರೂಢಿಬಲದಿಂದ ನಡೆಯುವುದು ಅದರ ವೈರಿ. ಆ ಲೆಕ್ಕದಲ್ಲಿ ದಿನವೂ ಅದೇ ಕೊಕ್ಕರೆ ಮಡಿಸುವುದು ಮೈಮರೆವಿನ ಅಭ್ಯಾಸವಾಗುವ ಅಪಾಯವೇ ಹೆಚ್ಚು. ಧ್ಯಾನದವರು ಉಸಿರಾಟವೂ ತಾನಾಗಿಯೇ ನಡೆಯುತ್ತದಲ್ಲ, ಗಮನ ಕೊಡುವುದು ನಮ್ಮ ಕೆಲಸ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಒಂದೇ ಮಾದರಿ ಇಟ್ಟುಕೊಂಡು ಹಾಳೆಯನ್ನು ಬದಲಿಸುತ್ತ ಹೋದರೆ ಇಬ್ಬರಿಗೂ ಸಮಾಧಾನವಾದೀತು. ಪತ್ರಿಕೆಯ ಹಾಳೆ, ಮಿಠಾಯಿ ಸುತ್ತಿದ ಕಾಗದ, ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆ ಪ್ರತಿಯೊಂದೂ ಬೆರಳಿಗೆ ಬೇರೆ ಬೇರೆ ರೀತಿ ಎದುರುತ್ತರ ಕೊಡುತ್ತದೆ.

ವಿಜ್ಞಾನ ಏನು ಹೇಳುತ್ತದೆ? ಒರಿಗಾಮಿಯನ್ನೇ ಹಿಡಿದ ಪುರಾವೆ ತೆಳುವಾಗಿದೆ. ಅದರ ನೆಂಟ ಕೈಕೆಲಸಗಳ ಪುರಾವೆಯಿಂದ ಊಹಿಸಬೇಕು. ಕರಿ ಮತ್ತು ಕ್ಯಾಸರ್ ಎಂಬ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಾಲಿ ಹಾಳೆಗೆ ಮನಬಂದಂತೆ ಬಣ್ಣ ಹಾಕಿದವರಿಗಿಂತ ಮಂಡಲದಂಥ ಕ್ರಮಬದ್ಧ ವಿನ್ಯಾಸಕ್ಕೆ ಬಣ್ಣ ತುಂಬಿದ ವಿದ್ಯಾರ್ಥಿಗಳ ಆತಂಕ ಹೆಚ್ಚು ಇಳಿಯಿತು. ಒರಿಗಾಮಿ ಇಂಥ ಕ್ರಮಬದ್ಧ ಕೆಲಸಗಳ ಸಾಲಿಗೆ ಸೇರುತ್ತದೆ ಎಂಬುದರಿಂದ ಆಸೆ ಇಟ್ಟುಕೊಳ್ಳಬಹುದು. ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ 39 ವಯಸ್ಕರಿಗೆ ಮುಕ್ಕಾಲು ಗಂಟೆ ಕಲೆಯ ಕೆಲಸ ಕೊಟ್ಟು ಜೊಲ್ಲಿನಲ್ಲಿನ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದರು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಇಳಿದಿತ್ತು. ಆದರೆ ಹೋಲಿಸಿ ನೋಡಲು ಕಲೆಯಿಲ್ಲದೆ ಸುಮ್ಮನೆ ಕೂತವರ ಗುಂಪು ಅಲ್ಲಿ ಇರಲಿಲ್ಲ, ಕೆಲಸವೂ ಒರಿಗಾಮಿಯಲ್ಲ. ‘ಒರಿಗಾಮಿಯಿಂದ ಒತ್ತಡ ಇಳಿಯುವುದು ಸಾಬೀತಾಗಿದೆ’ ಎಂದು ಬರೆಯುವವರು ಹೆಚ್ಚಾಗಿ ಇಂಥ ಸಾಲಗಳ ಮೇಲೆಯೇ ನಿಂತಿರುತ್ತಾರೆ.

ಮೌಲ್ಯಗಳ ಪ್ರಶ್ನೆ ಬೇರೆಯೇ. ಮನಶ್ಶಾಸ್ತ್ರ ಅದನ್ನು ಐವತ್ತು ವರ್ಷಗಳಿಂದ ಪಟ್ಟಿ ಮಾಡಿ ನೋಡಿದೆ. ಮಿಲ್ಟನ್ ರೋಕೀಚ್ 1973ರಲ್ಲಿ ಬದುಕಿನ ಗುರಿಯಾಗುವ 18, ನಡವಳಿಕೆಗೆ ಸಂಬಂಧಿಸಿದ 18 ಮೌಲ್ಯಗಳನ್ನು ಕೊಟ್ಟು, ಮುಖ್ಯ ಯಾವುದೆಂದು ಕ್ರಮವಾಗಿ ಜೋಡಿಸಿ ಎಂದರು. ಇಸ್ರೇಲಿನ ಶಾಲೋಮ್ ಶ್ವಾರ್ಟ್ಸ್ 1992ರಲ್ಲಿ ಹತ್ತು ಮೌಲ್ಯಗಳನ್ನು ಚಕ್ರದಲ್ಲಿ ಕೂರಿಸಿದರು. ಅಕ್ಕಪಕ್ಕದವು ಒಂದಕ್ಕೊಂದು ಹೊಂದುತ್ತವೆ, ಎದುರುಬದುರಿನವು ಜಗಳಾಡುತ್ತವೆ: ಅಧಿಕಾರ ಬೇಕೆನ್ನುವವರಿಗೆ ಎಲ್ಲರ ಒಳಿತನ್ನೂ ಅಷ್ಟೇ ಗಟ್ಟಿಯಾಗಿ ಹಿಡಿಯಲು ಆಗದು. ನನಗೆ ಇದೇ ಹೆಚ್ಚು ನಿಜವೆನಿಸುತ್ತದೆ, ಏಕೆಂದರೆ ಎರಡು ಒಳ್ಳೆಯವುಗಳ ನಡುವೆ ಒಂದನ್ನು ಬಿಡಬೇಕಾದ ಗಳಿಗೆ ಬರುವವರೆಗೆ ಮೌಲ್ಯದ ಮಾತೆಲ್ಲ ಬಾಯಿಮಾತೇ. ಸ್ಟೀವನ್ ಹೇಯ್ಸ್ ಮತ್ತು ಸಂಗಡಿಗರ ಚಿಕಿತ್ಸಾ ಪದ್ಧತಿ ಇನ್ನೊಂದು ಉಪಯುಕ್ತ ಭೇದ ಮಾಡುತ್ತದೆ: ಗುರಿ ತಲುಪಿದೊಡನೆ ಮುಗಿಯುತ್ತದೆ, ಮೌಲ್ಯ ನಡೆಯುವ ದಿಕ್ಕು, ಮುಗಿಯುವುದಿಲ್ಲ. ಕೊಕ್ಕರೆ ಮುಗಿಯಿತು ಎನ್ನಬಹುದು, ಜತನ ಮುಗಿಯಿತು ಎನ್ನಲಾಗದು.

ಕಾಗದವನ್ನೂ ಮೌಲ್ಯವನ್ನೂ ಜೋಡಿಸುವ ಜನಪ್ರಿಯ ಅಭ್ಯಾಸ ಒಂದಿದೆ. ಹಾಳೆಯ ಒಳಬದಿಯಲ್ಲಿ ‘ಪ್ರಾಮಾಣಿಕತೆ’, ‘ತಾಳ್ಮೆ’ ಎಂದು ನಿಮ್ಮ ಮೌಲ್ಯವನ್ನು ಬರೆದು, ಅದರ ಬಗ್ಗೆ ಯೋಚಿಸುತ್ತ ಮಡಿಸಿ ಎನ್ನುತ್ತಾರೆ. ಚೆಂದವಾಗಿದೆ, ಆದರೆ ಇದರಲ್ಲಿ ಹುಡುಕಾಟ ಎಲ್ಲಿದೆ? ಉತ್ತರವನ್ನು ಮೊದಲೇ ಬರೆದಾಗಿದೆ. ಹಾಗೆ ಬರೆಯುವುದಕ್ಕೆ ಬೆಲೆಯೇ ಇಲ್ಲವೆಂದಲ್ಲ. ಜೆಫ್ರಿ ಕೋಹೆನ್ ಮತ್ತು ಸಂಗಡಿಗರು 2006ರಲ್ಲಿ ಅಮೆರಿಕದ ಏಳನೆಯ ತರಗತಿಯ ಮಕ್ಕಳಿಂದ ತಮಗೆ ಮುಖ್ಯವಾದ ಮೌಲ್ಯದ ಬಗ್ಗೆ ಕಾಲು ಗಂಟೆ ಬರೆಸಿದಾಗ ಕಪ್ಪು ವಿದ್ಯಾರ್ಥಿಗಳ ಅಂಕಗಳು ಸುಧಾರಿಸಿದವು. ಮುಂದಿನ ಮರುಪ್ರಯೋಗಗಳಲ್ಲಿ ಫಲ ಒಂದೇ ಸಮ ಸಿಗಲಿಲ್ಲ. ಅಲ್ಲಿ ಕೆಲಸ ಮಾಡಿದ್ದು ಬರಹ, ಮಡಿಕೆಯಲ್ಲ ಎನ್ನುವುದನ್ನೂ ನೆನಪಿಡಬೇಕು.

ಮಡಿಸುವಾಗ ನಿಜವಾಗಿ ಬಯಲಾಗುವುದು ಬೇರೆ ಸಂಗತಿಗಳು. ಮೂಲೆ ಸರಿಹೋಗದಿದ್ದಾಗ ಬಿಚ್ಚುತ್ತೀರೋ, ಯಾರು ನೋಡುತ್ತಾರೆ ಎಂದು ಮುಂದೆ ಹೋಗುತ್ತೀರೋ? ಕೆಟ್ಟ ಹಾಳೆಯನ್ನು ಮುದುಡಿ ಎಸೆಯುವಾಗ ಬೈಯುವುದು ಕಾಗದವನ್ನೋ ನಿಮ್ಮನ್ನೋ? ಎಲ್ಲದರಲ್ಲೂ ಪರಿಪೂರ್ಣತೆ ಹುಡುಕುವವರಿಗೆ ಒರಿಗಾಮಿ ಮದ್ದಾಗದೆ ಕಾಯಿಲೆಯನ್ನೇ ಹೆಚ್ಚಿಸಬಹುದು. ಅಂಥವರಿಗೂ, ಬೆರಳು ಗಡುಸಾದ ಹಿರಿಯರಿಗೂ ಬ್ರಿಟನ್ನಿನ ಜಾನ್ ಸ್ಮಿತ್ ರೂಪಿಸಿದ ‘ಪ್ಯೂರ್‌ಲ್ಯಾಂಡ್’ ಶೈಲಿ ಒಳ್ಳೆಯದು. ಅದರಲ್ಲಿ ಸರಳ ಒಳಮಡಿಕೆ, ಹೊರಮಡಿಕೆ ಬಿಟ್ಟರೆ ಬೇರೇನೂ ಇಲ್ಲ.

ಇನ್ನೊಂದು ಪರೀಕ್ಷೆ ಹೆಸರಿನದು. ನಾವು ಮಡಿಸುವ ಸಂಕೀರ್ಣ ಮಾದರಿಗಳಿಗೆಲ್ಲ ಒಬ್ಬ ರಚನೆಕಾರ ಇರುತ್ತಾನೆ, ಆದರೆ ಕಾಗದದ ಮೇಲೆ ಸಹಿ ಇರುವುದಿಲ್ಲ. ಭೌತವಿಜ್ಞಾನಿಯ ಕೆಲಸ ಬಿಟ್ಟು ಒರಿಗಾಮಿಗೆ ಬಂದ ರಾಬರ್ಟ್ ಲ್ಯಾಂಗ್ ಮತ್ತು ಇತರರು 2011ರಲ್ಲಿ, ತಮ್ಮ ಮಡಿಕೆಗೆರೆಗಳ ನಕ್ಷೆಗಳನ್ನು ಅನುಮತಿಯಿಲ್ಲದೆ ಬಳಸಿದರೆಂದು ಚಿತ್ರಕಲಾವಿದೆ ಸಾರಾ ಮಾರಿಸ್ ಅವರ ಮೇಲೆ ಅಮೆರಿಕದಲ್ಲಿ ದಾವೆ ಹೂಡಿದರು, 2013ರಲ್ಲಿ ರಾಜಿಯಾಯಿತು. ಮಾದರಿಯೊಂದನ್ನು ತೋರಿಸಿ ಹೊಗಳಿಕೆ ಪಡೆಯುವಾಗ ‘ಇದು ಇಂಥವರದು’ ಎಂದು ಬಾಯಿ ಬಿಡುತ್ತೀರೋ ಇಲ್ಲವೋ ಎಂಬುದು ಒಳಬದಿಯಲ್ಲಿ ಬರೆದ ‘ಪ್ರಾಮಾಣಿಕತೆ’ಗಿಂತ ಹೆಚ್ಚು ಹೇಳುತ್ತದೆ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಮಡಿಸಿದ್ದು ಆಮೇಲೆ ಎಲ್ಲಿಗೆ ಹೋಗುತ್ತದೆ? ಹಿರೋಷಿಮಾದ ಸದಾಕೊ ಸಸಾಕಿಯ ಕತೆ ಎಲ್ಲರಿಗೂ ಗೊತ್ತು. ಅಣುಬಾಂಬ್ ಬಿದ್ದಾಗ ಎರಡು ವರ್ಷದ ಮಗು. 1955ರಲ್ಲಿ ಲುಕೇಮಿಯಾದಿಂದ ಆಸ್ಪತ್ರೆ ಸೇರಿದಳು. ಔಷಧ ಸುತ್ತಿದ ಕಾಗದದಲ್ಲೂ ಕೊಕ್ಕರೆ ಮಡಿಸಿದಳು. ಅಕ್ಟೋಬರ್ 25ರಂದು ತೀರಿಕೊಂಡಳು. ಸಾವಿರ ಕೊಕ್ಕರೆಗಳ ಗುರಿ ಮುಟ್ಟದೆ ಸತ್ತಳು ಎಂಬುದು ಎಲೆನಾರ್ ಕೋರ್ 1977ರಲ್ಲಿ ಬರೆದ ಮಕ್ಕಳ ಪುಸ್ತಕದಿಂದ ಹಬ್ಬಿದ ಮಾತು. ಸಾವಿರ ದಾಟಿದ್ದಳು ಎನ್ನುತ್ತದೆ ಅವಳ ಕುಟುಂಬ. ಕತೆಯಲ್ಲಿ ಬಿಟ್ಟುಹೋಗುವ ಸಂಗತಿ ಇನ್ನೊಂದು: ಆ ಆಸ್ಪತ್ರೆಗೆ ಮೊದಲು ಬಂದದ್ದು ನಗೋಯಾದವರು ರೋಗಿಗಳಿಗೆಂದು ಮಡಿಸಿ ಕಳಿಸಿದ ಕೊಕ್ಕರೆಗಳು. ಸದಾಕೊ ಮಡಿಸಲು ತೊಡಗಿದ್ದು ಅವುಗಳನ್ನು ನೋಡಿದ ಮೇಲೆ. ಅವಳು ಮಡಿಸಿದ ಒಂದು ಪುಟ್ಟ ಕೊಕ್ಕರೆ 2015ರಲ್ಲಿ, ಬಾಂಬ್ ಹಾಕಲು ಅಪ್ಪಣೆ ಕೊಟ್ಟ ಅಧ್ಯಕ್ಷ ಟ್ರೂಮನ್ ಹೆಸರಿನ ಗ್ರಂಥಾಲಯಕ್ಕೆ ಅವಳ ಕುಟುಂಬದವರ ಕೊಡುಗೆಯಾಗಿ ಹೋಯಿತು. ಕೊಟ್ಟವರಿಗೆ ಅದೆಷ್ಟು ಕಷ್ಟವಾಗಿರಬೇಕು ಎಂದು ಯೋಚಿಸಿದರೆ ಮೌಲ್ಯ ಎಂಬ ಪದಕ್ಕೆ ತೂಕ ಬರುತ್ತದೆ.

2019ರಲ್ಲಿ ಅಮೆರಿಕದ ಜಪಾನೀ ಮೂಲದವರು ಕೊಕ್ಕರೆಯನ್ನು ಮತ್ತೆ ಬೀದಿಗೆ ತಂದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಶಿಬಿರಗಳಲ್ಲಿ ಬಂಧಿಯಾಗಿ ಬಾಲ್ಯ ಕಳೆದ ಹಿರಿಯರು, ಟೆಕ್ಸಸ್‌ನ ಡಿಲಿಯಲ್ಲಿ ವಲಸೆ ಕುಟುಂಬಗಳನ್ನು ಕೂಡಿಹಾಕಿದ್ದ ಕೇಂದ್ರದ ಬೇಲಿಗೆ ಸಾವಿರಾರು ಕೊಕ್ಕರೆಗಳನ್ನು ಕಟ್ಟಿದರು. ‘ತ್ಸುರು ಫಾರ್ ಸಾಲಿಡಾರಿಟಿ’ ಎಂಬ ಸಂಘಟನೆ ಬೆಳೆದದ್ದು ಅಲ್ಲಿಂದ.

ಕೊಡುವುದೆಲ್ಲ ಒಳ್ಳೆಯದೇ ಎಂದೂ ಅಲ್ಲ. ಹಿರೋಷಿಮಾಕ್ಕೆ ವರ್ಷಕ್ಕೆ ಸುಮಾರು ಒಂದು ಕೋಟಿ, ಹತ್ತು ಟನ್ ತೂಕದ ಕೊಕ್ಕರೆಗಳು ಬಂದು ಬೀಳುತ್ತವೆ. ಅವುಗಳನ್ನು ಮರುಬಳಕೆ ಮಾಡುವ ದಾರಿಯನ್ನು ನಗರ ಹುಡುಕಬೇಕಾಯಿತು. 2022ರಲ್ಲಿ ಉಕ್ರೇನ್ ರಾಯಭಾರ ಕಚೇರಿಗೆ ಸಾವಿರಾರು ಕೊಕ್ಕರೆ ಕಳಿಸುವ ಯೋಜನೆ ಸುದ್ದಿಯಾದಾಗ, ಯುದ್ಧದಲ್ಲಿರುವವರಿಗೆ ಬೇಕಾದದ್ದು ಇದೇ ಏನು ಎಂದು ಜಪಾನೀಯರೇ ಜಗಳ ತೆಗೆದರು. ಮಡಿಸಿದವರ ಮನಸ್ಸು ಹಗುರಾಗಿರಬಹುದು. ಪಡೆಯುವವರ ಕೋಣೆ ತುಂಬುತ್ತದೆ. ಅವಧಾನದ ಅಭ್ಯಾಸದ ಮೇಲೆ ರೊನಾಲ್ಡ್ ಪರ್ಸರ್ 2019ರ ಪುಸ್ತಕದಲ್ಲಿ ಮಾಡಿದ ಟೀಕೆ ಇಲ್ಲಿಗೂ ತಗಲುತ್ತದೆ. ನೈತಿಕ ಹೊಣೆಯಿಂದ ಬಿಡಿಸಿ ತಂದ ಅವಧಾನ ಕಂಪನಿಗಳಿಗೆ ನೌಕರರ ಅಸಮಾಧಾನ ತಣಿಸುವ ಸಾಧನವಾಗಿದೆ ಎನ್ನುತ್ತಾರೆ ಅವರು. ಕಚೇರಿಯ ಒತ್ತಡಕ್ಕೆ ಕಾರಣವಾದ ಕೆಲಸದ ಹೊರೆ ಹಾಗೇ ಉಳಿದು, ಊಟದ ಬಿಡುವಿನಲ್ಲಿ ಬಣ್ಣದ ಹಾಳೆ ಹಂಚಿದರೆ ಅದೂ ಅಷ್ಟೇ.

ಹಾಗಾದರೆ ತೀರ್ಪು? ಮನಸ್ಸನ್ನು ಹತ್ತು ನಿಮಿಷ ಹಿಡಿದು ನಿಲ್ಲಿಸಲು ಒರಿಗಾಮಿ ಅಗ್ಗದ, ಒಳ್ಳೆಯ ಸಾಧನ. ಮೌಲ್ಯಗಳ ಹುಡುಕಾಟಕ್ಕೆ ಅದೊಂದೇ ಸಾಲದು. ಪ್ರಯತ್ನಿಸುವವರು ದುಬಾರಿ ಜಪಾನೀ ಹಾಳೆ ತರಿಸಬೇಕಾಗಿಲ್ಲ. ಒಂದು ಬದಿ ಖಾಲಿಯಿರುವ ಹಳೆಯ ಎ4 ಹಾಳೆಯನ್ನು ಚೌಕವಾಗಿ ಕತ್ತರಿಸಿಕೊಂಡರೆ ಸಾಕು. ಮಡಿಸುವ ಮೊದಲು ಯಾರಿಗೆ ಎಂದು ಒಂದು ಹೆಸರು ಇಟ್ಟುಕೊಳ್ಳಿ. ಅದು ಅವರಿಗೆ ಬೇಕೇ ಎಂದೂ ಕೇಳಿಕೊಳ್ಳಿ. ಕೊಟ್ಟ ಮೇಲೆ ಒಂದು ಸಾಲು ಬರೆದಿಡಿ. ತಿಂಗಳಾದ ಮೇಲೆ ಆ ಪಟ್ಟಿಯಲ್ಲಿ ಯಾರ ಹೆಸರು ಮತ್ತೆ ಮತ್ತೆ ಬಂದಿದೆ, ಯಾರದು ಒಮ್ಮೆಯೂ ಬಂದಿಲ್ಲ ಎಂದು ಓದಿ ನೋಡಿ.